ಅಣಬೆಯ ಆಹಾರ ಮತ್ತು ಸ್ಥೂಲಕಾಯದ ಪ್ರಶ್ನೆ

ಕನ್ನಡ ನುಡಿಯಲ್ಲಿ ಅಣಬೆಗೆ ಗೌರವದ ಸ್ಥಾನ ದೊರೆತಂತೆ ಕಾಣುವುದಿಲ್ಲ. ರಾತ್ರಿ ಬೆಳಗಾಗುವುದರೊಳಗೆ ತಲೆಯೆತ್ತಿದ ಸಂಘಸಂಸ್ಥೆಗಳನ್ನು ನಾಯಿಕೊಡೆಗೆ ಹೋಲಿಸಿ ಹಳಿಯುವುದು ಇಂದಿಗೂ ನಮ್ಮಲ್ಲಿ ರೂಢಿ. ಮನುಸ್ಮೃತಿಯ ಐದನೆಯ ಅಧ್ಯಾಯವು ದ್ವಿಜರು ತಿನ್ನಬಾರದ ಪದಾರ್ಥಗಳನ್ನು ಹೇಳುವಾಗ ಬೆಳ್ಳುಳ್ಳಿ, ಈರುಳ್ಳಿಗಳ ಸಾಲಿನಲ್ಲಿಯೇ ಅಣಬೆಯನ್ನೂ ಇರಿಸಿತು. ನಮ್ಮಲ್ಲಿ ಅನೇಕ ಮನೆಗಳ ಅಡಿಗೆಯ ಕೋಣೆಗೆ ಅದು ತೀರ ಈಚಿನವರೆಗೂ ಕಾಲಿಡಲಿಲ್ಲ. ಆದರೆ ಇದು ನಾಡಿನ ಎಲ್ಲರ ಮಾತೆಂದು ತಿಳಿಯಲಾಗದು. ಮುಂಗಾರಿನ ಗುಡುಗಿಗೆ ಹುತ್ತದ ಬಳಿ ಏಳುವ ಅಣಬೆಗಾಗಿ ಮಲೆನಾಡಿನವರು ಕಾದಿರುತ್ತಾರೆ. ಕಾರ್ಕಳದ ಕಡೆಯ ಸಂತೆಗಳಲ್ಲಿ ಮಳೆಗಾಲದ ಮೊದಲ ವಾರಗಳ ಕಲ್ಲಣಬೆಗೆ ಮಾಂಸಕ್ಕಿಂತ ಹೆಚ್ಚಿನ ಬೆಲೆ ಬರುವುದುಂಟು. ಕೊಡವರಿಗೆ ಕುಮ್ಮಿನ ಸಾರು ವರ್ಷಕ್ಕೊಮ್ಮೆ ಬರುವ ಹಬ್ಬವೇ ಸರಿ. ತುಳುವಿನ ಅಲಂಬು, ಮರಾಠಿಯ ಅಳಂಬೆ ಇವೆರಡೂ ನಮ್ಮ ಅಣಬೆಯ ಒಡಹುಟ್ಟಿದ ಶಬ್ದಗಳು. ಮುಂಬಯಿ ಪುಣೆಗಳ ತರಕಾರಿ ಪೇಟೆಯಲ್ಲಿ ಆ ಹೆಸರನ್ನು ಕೇಳಿದ ಕನ್ನಡಿಗನಿಗೆ ಅದು ಹೊಸತೆನ್ನಿಸಲಾರದು.

ಹೀಗೆ ಒಬ್ಬರಿಗೆ ನಿಷಿದ್ಧವೂ ಮತ್ತೊಬ್ಬರಿಗೆ ಅಪರೂಪದ ಸವಿಯೂ ಆಗಿದ್ದ ಈ ಪದಾರ್ಥವು ಈಗ ಮೂರನೆಯದೊಂದು ವೇಷದಲ್ಲಿ ನಮ್ಮ ಮುಂದೆ ಬಂದು ನಿಂತಿದೆ. ಔಷಧದಂಗಡಿಗಳಲ್ಲಿ ಅಣಬೆಯ ಪುಡಿ, ಅಣಬೆಯ ಸಾರ ತುಂಬಿದ ಗುಳಿಗೆ, ಅಣಬೆ ಬೆರೆಸಿದ ಕಾಫಿ ಇವೆಲ್ಲ ಮಾರಾಟಕ್ಕಿವೆ. ಇವುಗಳಲ್ಲಿ ಕೆಲವು ಬೊಜ್ಜನ್ನು ಕರಗಿಸುವುವೆಂಬ ಪ್ರಚಾರವೂ ನಡೆದಿದೆ. ಹಗಲಿಡೀ ಮೇಜಿನ ಮುಂದೆ ಕುಳಿತು ಕೆಲಸ ಮಾಡುವ ನಮ್ಮಂಥವರ ಕೈಯಿಂದ ಹಣವನ್ನು ಕೀಳುವುದಕ್ಕೆ ಇದಕ್ಕಿಂತ ಸುಲಭವಾದ ಹಾದಿಯಿಲ್ಲ. ಈ ಪ್ರಚಾರದಲ್ಲಿ ಸತ್ಯವೆಷ್ಟು, ಉತ್ಪ್ರೇಕ್ಷೆಯೆಷ್ಟು ಎಂಬುದನ್ನು ಪ್ರಯೋಗಗಳ ಆಧಾರದಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ. ಅಣಬೆಯಿಂದ ಪ್ರಯೋಜನವಿಲ್ಲವೆನ್ನಲಾಗದು. ಆದರೆ ಆ ಪ್ರಯೋಜನ ಅಣಬೆಯೊಳಗೆ ಅಡಗಿರುವ ಯಾವುದೋ ಸತ್ತ್ವದಿಂದ ಬರುವುದಕ್ಕಿಂತ ಹೆಚ್ಚಾಗಿ, ತಟ್ಟೆಯಲ್ಲಿ ಅದು ಯಾವ ಪದಾರ್ಥದ ಜಾಗವನ್ನು ಹಿಡಿಯುತ್ತದೆ ಎಂಬುದರಿಂದ ಬರುತ್ತದೆ. ಮುಂದೆ ಹೇಳುವುದೆಲ್ಲ ಈ ಮಾತಿನ ವಿಸ್ತರಣೆ.

ಮೊದಲು ಸ್ಥೂಲಕಾಯವೆಂದರೇನೆಂದು ನೋಡೋಣ. ಕಿಲೊಗ್ರಾಮಿನಲ್ಲಿ ಹೇಳಿದ ದೇಹದ ತೂಕವನ್ನು ಮೀಟರಿನಲ್ಲಿ ಹೇಳಿದ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಸಂಖ್ಯೆಗೆ ದೇಹತೂಕಸೂಚಿ ಎಂದು ಹೆಸರು. ಪಾಶ್ಚಾತ್ಯ ದೇಶಗಳಲ್ಲಿ ಇದು ೨೫ನ್ನು ಮುಟ್ಟಿದರೆ ಅಧಿಕ ತೂಕ, ೩೦ನ್ನು ಮುಟ್ಟಿದರೆ ಸ್ಥೂಲಕಾಯ. ಭಾರತೀಯರಿಗೆ ಈ ಅಳತೆ ಸಡಿಲವೆಂದು ಕಂಡುಬಂದುದರಿಂದ ೨೦೦೯ರಲ್ಲಿ ನಮ್ಮ ದೇಶದ ವೈದ್ಯತಜ್ಞರು ಸೇರಿ ೨೩ನ್ನು ಅಧಿಕ ತೂಕದ ಗಡಿಯಾಗಿಯೂ ೨೫ನ್ನು ಸ್ಥೂಲಕಾಯದ ಗಡಿಯಾಗಿಯೂ ನಿಗದಿ ಮಾಡಿದರು. ಸೊಂಟದ ಸುತ್ತಳತೆ ಗಂಡಸರಲ್ಲಿ ೯೦ ಸೆಂಟಿಮೀಟರನ್ನೂ ಹೆಂಗಸರಲ್ಲಿ ೮೦ ಸೆಂಟಿಮೀಟರನ್ನೂ ಮೀರಬಾರದೆಂದರು. ಇದಕ್ಕೆ ಕಾರಣವೇನೆಂಬುದನ್ನು ಪುಣೆಯ ಕೆ. ಇ. ಎಂ. ಆಸ್ಪತ್ರೆಯ ಡಾ. ಚಿತ್ತರಂಜನ ಯಾಜ್ಞಿಕರು ೨೦೦೪ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಒಂದೇ ಒಂದು ಭಾವಚಿತ್ರದಿಂದ ಮನಗಾಣಿಸಿದರು. ಚಿತ್ರದಲ್ಲಿ ಇಬ್ಬರಿದ್ದಾರೆ: ಒಬ್ಬರು ಸ್ವತಃ ಯಾಜ್ಞಿಕರು, ಮತ್ತೊಬ್ಬರು ಇಂಗ್ಲೆಂಡಿನ ಜಾನ್ ಯಡ್ಕಿನ್. ಇಬ್ಬರ ದೇಹತೂಕಸೂಚಿಯೂ ೨೨.೩. ಆದರೆ ಆಂಗ್ಲರ ದೇಹದಲ್ಲಿ ಕೊಬ್ಬಿನ ಪಾಲು ನೂರಕ್ಕೆ ೯.೧, ನಮ್ಮವರಲ್ಲಿ ೨೧.೨. ನೋಡಲು ತೆಳ್ಳಗಿದ್ದು ಒಳಗೆ ಕೊಬ್ಬನ್ನು ಹೊತ್ತಿರುವುದು ನಮ್ಮ ಜನರ ಮೈಕಟ್ಟಿನ ವೈಶಿಷ್ಟ್ಯ. ೨೦೨೩ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನ ಮಂಡಲಿಯ ಬೃಹತ್ ಸಮೀಕ್ಷೆಯಲ್ಲಿ ಸ್ಥೂಲಕಾಯದವರು ನೂರಕ್ಕೆ ೨೮.೬ ಮಂದಿಯಾದರೆ, ಹೊಟ್ಟೆಯ ಸುತ್ತ ಬೊಜ್ಜು ಬೆಳೆದವರು ೩೯.೫ ಮಂದಿ. ಎರಡು ಸಂಖ್ಯೆಗಳ ನಡುವಣ ಅಂತರವನ್ನು ವಾಚಕರು ಗಮನಿಸಬೇಕು. ತಾನು ದಪ್ಪನಲ್ಲವೆಂದು ನೆಮ್ಮದಿಯಿಂದಿರುವ ಅನೇಕರು ಈ ಅಂತರದಲ್ಲಿಯೇ ಇದ್ದಾರೆ.

ಇನ್ನು ಅಣಬೆಯ ವಿಚಾರ. ಅಂಗಡಿಯವನು ಅದನ್ನು ತರಕಾರಿಯ ಬುಟ್ಟಿಯಲ್ಲಿಟ್ಟರೂ ಅದು ಸಸ್ಯವಲ್ಲ. ೧೯೬೯ರಲ್ಲಿ ವಿಟ್ಟೇಕರ್ ಎಂಬ ಅಮೆರಿಕದ ವಿಜ್ಞಾನಿ ಜೀವಜಗತ್ತನ್ನು ಐದು ಸಾಮ್ರಾಜ್ಯಗಳಾಗಿ ವಿಂಗಡಿಸಿದಾಗ ಶಿಲೀಂಧ್ರಗಳಿಗೆ ಪ್ರತ್ಯೇಕವಾದೊಂದು ಸಾಮ್ರಾಜ್ಯವನ್ನೇ ಕೊಟ್ಟನು. ವಂಶಾವಳಿಯನ್ನು ಹುಡುಕುತ್ತ ಹೋದರೆ ಅಣಬೆಯು ಸಸ್ಯಗಳಿಗಿಂತ ಪ್ರಾಣಿಗಳಿಗೇ ಹತ್ತಿರದ ನೆಂಟ. ಅದು ಕೂಡಿಡುವುದು ಪಿಷ್ಟವನ್ನಲ್ಲ, ನಮ್ಮ ಯಕೃತ್ತಿನಂತೆ ಗ್ಲೈಕೊಜನನ್ನು. ಅದರ ಜೀವಕೋಶಗಳ ಗೋಡೆಯಲ್ಲಿ ಏಡಿ, ಸಿಗಡಿ, ಕೀಟಗಳ ಹೊರಕವಚದಲ್ಲಿರುವ ಕೈಟಿನ್ ಇದೆ. ಅದರೊಡನೆ ಬೀಟಾ-ಗ್ಲೂಕನ್ ಎಂಬ ನಾರೂ ಇದೆ. ಇವೆರಡನ್ನೂ ನಮ್ಮ ಜಠರವು ಸುಲಭವಾಗಿ ಅರಗಿಸಿಕೊಳ್ಳಲಾರದು.

ಬಿಳಿಯ ಗುಂಡಿ ಅಣಬೆ ೧೦೦ ಗ್ರಾಮಿನಲ್ಲಿ ೯೦ ಗ್ರಾಮಿಗೆ ಮೇಲ್ಪಟ್ಟು ಬರಿಯ ನೀರು. ಉಳಿದುದರಲ್ಲಿ ಪ್ರೋಟೀನು ಸುಮಾರು ೩ ಗ್ರಾಮು, ಶರ್ಕರಗಳು ಅಷ್ಟೇ, ನಾರು ೧ ಗ್ರಾಮು, ಕೊಬ್ಬು ಅರ್ಧ ಗ್ರಾಮಿಗೂ ಕಡಮೆ. ಒಟ್ಟು ಶಕ್ತಿ ೨೨ ಕ್ಯಾಲೊರಿಯಷ್ಟೆ. ಅದೇ ೧೦೦ ಗ್ರಾಮು ಅನ್ನದಲ್ಲಿ ೧೩೦, ಪನೀರಿನಲ್ಲಿ ೨೬೦ರಿಂದ ೩೦೦, ಹಸಿಯ ತೆಂಗಿನ ತುರಿಯಲ್ಲಿ ಸುಮಾರು ೩೫೦ ಕ್ಯಾಲೊರಿಗಳಿವೆ. ಬಾಯಿ ತುಂಬ ಅಗಿಯಬಹುದು, ಹೊಟ್ಟೆ ತುಂಬಿದಂತೆನಿಸುತ್ತದೆ, ಲೆಕ್ಕಕ್ಕೆ ಬರುವುದು ಸ್ವಲ್ಪವೇ. ಸೋರೆ, ಹೀರೆ, ಬೂದುಗುಂಬಳಗಳೂ ಇದೇ ಗುಣವುಳ್ಳವಲ್ಲವೆ ಎಂದು ಯಾರಾದರೂ ಕೇಳಿಯಾರು. ಅದು ನ್ಯಾಯವಾದ ಪ್ರಶ್ನೆ. ಆದರೆ ಅಣಬೆಯಲ್ಲಿ ಮತ್ತೊಂದು ಗುಣವಿದೆ, ಅದು ಅದರ ರುಚಿ. ಜಪಾನಿನ ಇಕೆಡಾ ಎಂಬ ರಸಾಯನಜ್ಞನು ೧೯೦೮ರಲ್ಲಿ ಗ್ಲುಟಮೇಟಿನಿಂದ ಬರುವ ಒಂದು ರುಚಿಯನ್ನು ಗುರುತಿಸಿ ಅದಕ್ಕೆ 'ಉಮಾಮಿ' ಎಂದು ಹೆಸರಿಟ್ಟನು. ಮಾಂಸದ ಸಾರಿನಲ್ಲಿ ನಾಲಗೆಗೆ ಹತ್ತುವ ತುಂಬುರುಚಿ ಅದೇ. ಅದನ್ನು ಇಮ್ಮಡಿಸುವ ಗ್ವಾನಿಲೇಟ್ ಎಂಬ ದ್ರವ್ಯ ಶಿಟಾಕೆ ಅಣಬೆಯಲ್ಲಿದೆಯೆಂದು ೧೯೫೦ರ ದಶಕದ ಕೊನೆಯ ವೇಳೆಗೆ ಅದೇ ದೇಶದ ಕುನಿನಾಕಾ ತೋರಿಸಿಕೊಟ್ಟನು. ಮಾಂಸದ ಬದಲಿಗೆ ಸೋರೆಕಾಯಿಯನ್ನು ಬಡಿಸಿದರೆ ಉಣ್ಣುವವನು ಮುಖ ಸಿಂಡರಿಸುತ್ತಾನೆ. ಅಣಬೆಯನ್ನು ಬಡಿಸಿದರೆ ಸುಮ್ಮನೆ ಉಣ್ಣುತ್ತಾನೆ. ಅಣಬೆಯ ಸ್ಥೂಲಕಾಯಚಿಕಿತ್ಸೆಯಲ್ಲಿ ಅರ್ಧಪಾಲು ಈ ರುಚಿಯ ಕೆಲಸ.

ಪ್ರಾಚೀನರ ವಿಚಾರವಾಗಿ ಇಲ್ಲಿಯೇ ಒಂದು ಮಾತು ಹೇಳುವುದು ಅಪ್ರಸ್ತುತವಾಗದು. ಚರಕಸಂಹಿತೆಯ ಸೂತ್ರಸ್ಥಾನದ ೨೧ನೆಯ ಅಧ್ಯಾಯವು ಎಂಟು ಬಗೆಯ ನಿಂದ್ಯ ಶರೀರಗಳನ್ನು ಹೇಳಿ, ಅವುಗಳಲ್ಲಿ ಅತಿಸ್ಥೂಲ, ಅತಿಕೃಶ ಎಂಬ ಎರಡನ್ನು ವಿಸ್ತಾರವಾಗಿ ವಿವೇಚಿಸುತ್ತದೆ. ಸ್ಥೂಲನನ್ನು ಕೃಶಗೊಳಿಸಬೇಕಾದರೆ ಕೊಡಬೇಕಾದ ಆಹಾರವು ಗುರುವಾಗಿರಬೇಕು, ಆದರೆ ಪುಷ್ಟಿಕರವಾಗಿರಬಾರದು ಎಂಬುದು ಅಲ್ಲಿಯ ಸೂತ್ರ. ಜಠರಾಗ್ನಿಗೆ ಕೆಲಸ ಕೊಡಬೇಕು, ಮೈಗೆ ಮೇದಸ್ಸನ್ನು ಕೊಡಬಾರದು ಎಂದು ಇದರ ತಾತ್ಪರ್ಯ. ಇಂದಿನ ಆಹಾರಶಾಸ್ತ್ರಜ್ಞರು ಶಕ್ತಿಸಾಂದ್ರತೆ ಕಡಮೆಯಿರುವ ಆಹಾರವೆಂದು ಯಾವುದನ್ನು ಕರೆಯುತ್ತಾರೋ ಅದಕ್ಕೂ ಇದಕ್ಕೂ ಇರುವ ಹೋಲಿಕೆ ಸ್ಪಷ್ಟವಾಗಿದೆ. ಅದೇ ಗ್ರಂಥದ ೨೭ನೆಯ ಅಧ್ಯಾಯವು ಸರ್ಪಚ್ಛತ್ರಕವೊಂದನ್ನು ಬಿಟ್ಟು ಉಳಿದ ಅಣಬೆಗಳನ್ನು ಶೀತ, ಮಧುರ, ಗುರು ಎಂದು ವರ್ಣಿಸಿ, ಅವು ನೆಗಡಿಯನ್ನು ತರುವುವೆಂದೂ ಹೇಳುತ್ತದೆ. ಹಾಗೆಂದು ಚರಕನಿಗೆ ಅಣಬೆಯ ಈ ಉಪಯೋಗ ಗೊತ್ತಿತ್ತೆಂದು ಹೇಳಹೊರಡುವುದು ದುಡುಕಾದೀತು. ಮಧುರವೂ ಶೀತವೂ ಆದ ಪದಾರ್ಥವನ್ನು ಆ ಶಾಸ್ತ್ರವು ಸ್ಥೂಲನಿಗೆ ಹೇಳಲಾರದು. ಅಲ್ಲಿ ಹೇಳಿಯೂ ಇಲ್ಲ. ಎರಡು ಅಧ್ಯಾಯಗಳ ಎರಡು ಮಾತುಗಳನ್ನು ಅಂಟಿಸಿ ಪೂರ್ವಿಕರ ಹೆಸರಿನಲ್ಲಿ ಹೊಸ ಶೋಧವೊಂದನ್ನು ಸಾರುವ ಚಾಳಿ ನಮ್ಮಲ್ಲಿ ಈಗಾಗಲೇ ಸಾಕಷ್ಟು ಬೆಳೆದಿದೆ.

ಈಗ ಮನುಷ್ಯರ ಮೇಲೆ ನಡೆದ ಪ್ರಯೋಗಗಳಿಗೆ ಬರೋಣ. ಇವುಗಳಲ್ಲಿ ಹೆಚ್ಚು ಉಲ್ಲೇಖಗೊಳ್ಳುವುದು ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಲಾರೆನ್ಸ್ ಚೆಸ್ಕಿನ್ ಮತ್ತು ಸಂಗಡಿಗರು ೨೦೦೮ರಲ್ಲಿ ಪ್ರಕಟಿಸಿದ ಪ್ರಯೋಗ. ೫೪ ಮಂದಿ ವಯಸ್ಕರಿಗೆ ನಾಲ್ಕು ದಿನ ಮಧ್ಯಾಹ್ನದ ಊಟದಲ್ಲಿ ಗೋಮಾಂಸದ ಭಕ್ಷ್ಯಗಳನ್ನೂ, ಬೇರೆ ನಾಲ್ಕು ದಿನ ಅವೇ ಭಕ್ಷ್ಯಗಳನ್ನು ಮಾಂಸದ ಬದಲು ಬಿಳಿಯ ಅಣಬೆಯಿಂದ ತಯಾರಿಸಿಯೂ ಬಡಿಸಿದರು. ಭಕ್ಷ್ಯದ ಗಾತ್ರ ಎರಡು ಸಲವೂ ಒಂದೇ. ಮಾಂಸದ ಊಟದಿಂದ ಸರಾಸರಿ ೭೮೩ ಕ್ಯಾಲೊರಿ ಹೊಟ್ಟೆಗೆ ಸೇರಿದರೆ, ಅಣಬೆಯ ಊಟದಿಂದ ಸೇರಿದುದು ೩೩೯. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ನಿಜವಾಗಿ ಗಮನಿಸತಕ್ಕ ಅಂಶವೆಂದರೆ, ಅಣಬೆಯನ್ನುಂಡವರು ರಾತ್ರಿಯ ಊಟದಲ್ಲಿ ಈ ಕೊರತೆಯನ್ನು ತುಂಬಿಕೊಳ್ಳಲಿಲ್ಲ. ದಿನದ ಒಟ್ಟು ಮೊತ್ತವೂ ಕಡಮೆಯಾಗಿಯೇ ಉಳಿಯಿತು. ರುಚಿ, ಹಸಿವು, ತೃಪ್ತಿಗಳ ವಿಚಾರದಲ್ಲಿ ಅವರು ಕೊಟ್ಟ ಅಂಕಗಳಲ್ಲಿಯೂ ವ್ಯತ್ಯಾಸ ಕಾಣಲಿಲ್ಲ.

ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ನಡೆದು ೨೦೧೭ರಲ್ಲಿ ಪ್ರಕಟವಾದ ಪ್ರಯೋಗವು ಇದಕ್ಕಿಂತ ಸೂಕ್ಷ್ಮವಾದುದು. ಅಲ್ಲಿ ಪ್ರೋಟೀನಿನ ಪರಿಮಾಣವನ್ನು ಸಮನಾಗಿಟ್ಟು ೨೨೬ ಗ್ರಾಮು ಅಣಬೆಯನ್ನು ೨೮ ಗ್ರಾಮು ಮಾಂಸದೊಡನೆ ಹೋಲಿಸಿದರು. ೩೨ ಮಂದಿ, ಹತ್ತು ದಿನ. ಬೆಳಗ್ಗೆ ಅಣಬೆಯನ್ನು ತಿಂದವರಿಗೆ ಹಸಿವು ಕಡಮೆ, ಹೊಟ್ಟೆ ತುಂಬಿದ ಅನುಭವ ಹೆಚ್ಚು. ಆದರೆ ಹತ್ತು ದಿನಗಳಲ್ಲಿ ಅವರು ಸೇವಿಸಿದ ಒಟ್ಟು ಶಕ್ತಿಯಲ್ಲಿ ಗಣನೀಯವಾದ ವ್ಯತ್ಯಾಸ ಕಾಣಲಿಲ್ಲ. ಮೊದಲನೆಯ ಪ್ರಯೋಗವನ್ನು ಮಾತ್ರ ಓದಿದವರು ಎರಡನೆಯದನ್ನೂ ಓದಬೇಕು. ಹಸಿವು ತಗ್ಗಿದ ಮಾತ್ರಕ್ಕೆ ತಿನ್ನುವುದು ತಗ್ಗುವುದಿಲ್ಲವೆಂಬುದು ಮದುವೆಯ ಮನೆಯಲ್ಲಿ ಎಲೆಯ ಮುಂದೆ ಕುಳಿತವರಿಗೆಲ್ಲ ಗೊತ್ತಿರುವ ಸಂಗತಿಯೇ.

ಇವೆರಡೂ ಕೆಲವೇ ದಿನಗಳ ಪರೀಕ್ಷೆಗಳು. ಚೆಸ್ಕಿನ್ನರ ತಂಡವೇ ಒಂದು ವರ್ಷ ಕಾಲ ನಡೆಸಿದ ಪ್ರಯೋಗವೊಂದರ ಸಾರಾಂಶವನ್ನು ೨೦೧೩ರಲ್ಲಿ ಹೊರತಂದಿತು. ಅದರಲ್ಲಿ ಪಾಲ್ಗೊಂಡವರು ೭೩ ಮಂದಿ ಸ್ಥೂಲಕಾಯರು, ಬಹುಮಟ್ಟಿಗೆ ಹೆಂಗಸರು. ತೂಕವಿಳಿಸುವ ಆಹಾರಕ್ರಮದ ಅಂಗವಾಗಿ ಒಂದು ಗುಂಪಿನವರು ಕೆಂಪು ಮಾಂಸದ ಸ್ಥಾನದಲ್ಲಿ ಅಣಬೆಯನ್ನು ತಿಂದರು. ಅವರ ತೂಕ ಸರಾಸರಿ ಸುಮಾರು ೭ ಪೌಂಡು, ಎಂದರೆ ೩ ಕಿಲೊಗ್ರಾಮಿಗೆ ತುಸು ಮೇಲ್ಪಟ್ಟು ಇಳಿಯಿತು.

ಲೆಕ್ಕದ ಪುಸ್ತಕಗಳ ನಡುವೆ ದಿನ ಕಳೆಯುವ ನನ್ನಂಥವನಿಗೆ ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡದಿರಲು ಸಾಧ್ಯವಿಲ್ಲ. ನಾಲ್ಕು ದಿನದ ಪ್ರಯೋಗದಲ್ಲಿ ಒಂದೊಂದು ಊಟದ ಉಳಿತಾಯ ೭೮೩ರಲ್ಲಿ ೩೩೯ನ್ನು ಕಳೆದರೆ ೪೪೪ ಕ್ಯಾಲೊರಿ. ವರ್ಷವಿಡೀ ಹೀಗೆಯೇ ಉಳಿದರೆ ೧,೬೨,೦೬೦. ದೇಹದ ಒಂದು ಕಿಲೊಗ್ರಾಮು ಕೊಬ್ಬಿಗೆ ಸುಮಾರು ೭,೭೦೦ ಕ್ಯಾಲೊರಿಯಂತೆ ಭಾಗಿಸಿದರೆ ೨೧ ಕಿಲೊಗ್ರಾಮು ಕರಗಬೇಕಾಯಿತು. ಮಾರಾಟಗಾರರ ಗುಣಾಕಾರ ಈ ಜಾತಿಯದು. ವಾಸ್ತವವಾಗಿ ವರ್ಷದ ಕೊನೆಯಲ್ಲಿ ತಕ್ಕಡಿಯ ಮೇಲೆ ಕಂಡದ್ದು ೩ ಕಿಲೊ. ಎರಡು ಪ್ರಯೋಗಗಳ ಕ್ರಮ ಒಂದೇ ಅಲ್ಲವಾದುದರಿಂದ ಈ ಹೋಲಿಕೆಯನ್ನು ಅಕ್ಷರಶಃ ಹಿಡಿಯಬಾರದು. ಆದರೂ ಏಳರಲ್ಲಿ ಒಂದು ಪಾಲು ಮಾತ್ರ ಕೈಗೆ ಹತ್ತಿತೆಂಬುದು ವಿಚಾರಮಾಡತಕ್ಕ ವಿಷಯ. ಉಳಿದದ್ದು ಎಲ್ಲಿ ಹೋಯಿತು? ಮೊದಲನೆಯದಾಗಿ, ದಿನವೂ ತಪ್ಪದೆ ಅಣಬೆಯನ್ನುಣ್ಣುವವರು ವಿರಳ, ನೇಮ ಸಡಿಲವಾಗುತ್ತದೆ. ಎರಡನೆಯದಾಗಿ, ಮಧ್ಯಾಹ್ನದ ಕೊರತೆಯನ್ನು ಅರಿವಿಲ್ಲದೆಯೇ ಸಂಜೆಯ ತಿಂಡಿ ತುಂಬಿಬಿಡುತ್ತದೆ. ಮೂರನೆಯದಾಗಿ, ತೂಕ ಇಳಿದಂತೆಲ್ಲ ದೇಹವು ತನ್ನ ಖರ್ಚನ್ನೂ ತಗ್ಗಿಸಿಕೊಳ್ಳುತ್ತದೆ. ಹಗುರವಾದ ದೇಹಕ್ಕೆ ನಡೆದಾಡಲೂ ಉಸಿರಾಡಲೂ ಮೊದಲಿನಷ್ಟು ಇಂಧನ ಬೇಕಾಗುವುದಿಲ್ಲ. ಜಮೆಯನ್ನು ಕಡಮೆ ಮಾಡಿದ ಕೂಡಲೆ ಖರ್ಚನ್ನೂ ತಾನಾಗಿಯೇ ಕಡಮೆ ಮಾಡಿಕೊಳ್ಳುವ ಇಂಥ ಖಾತೆಯನ್ನು ನಾನು ಬ್ಯಾಂಕಿನಲ್ಲಿ ಕಂಡದ್ದಿಲ್ಲ.

ಲೆಕ್ಕ ಪರಿಶೋಧನೆಯ ಇನ್ನೊಂದು ನಿಯಮ, ಹಣ ಎಲ್ಲಿಂದ ಬಂತೆಂದು ಕೇಳುವುದು. ಅಮೆರಿಕದಲ್ಲಿ ೧೯೯೦ರ ಒಂದು ಕಾಯಿದೆಯ ಮೇರೆಗೆ ಅಣಬೆ ಬೆಳೆಗಾರರಿಂದ ವಂತಿಗೆ ಎತ್ತಿ ಅಣಬೆಯ ಪ್ರಚಾರ ಮತ್ತು ಸಂಶೋಧನೆಗಳಿಗೆ ವೆಚ್ಚ ಮಾಡುವ ಮಂಡಲಿಯೊಂದಿದೆ. ಅಣಬೆಯ ಆಹಾರಪ್ರಯೋಗಗಳಲ್ಲಿ ಅನೇಕವು ಈ ಮಂಡಲಿಯ ಧನಸಹಾಯದಿಂದ ನಡೆದಂಥವು. ಇದರಿಂದಲೇ ಫಲಿತಾಂಶ ಸುಳ್ಳೆಂದು ತೀರ್ಮಾನಿಸುವುದು ಅನ್ಯಾಯ. ಮಿನೆಸೋಟದವರು ತಮಗೆ ಅನುಕೂಲವಲ್ಲದ ಫಲಿತಾಂಶವನ್ನೂ ಮುಚ್ಚಿಡದೆ ಪ್ರಕಟಿಸಿದ್ದಾರೆ. ಆದರೆ ಯಾವ ಪ್ರಶ್ನೆಯನ್ನು ಕೇಳಬೇಕು, ಅಣಬೆಯನ್ನು ಯಾವುದರ ಎದುರಿಗೆ ನಿಲ್ಲಿಸಬೇಕು ಎಂಬುದನ್ನು ಹಣ ಕೊಡುವವರು ಪ್ರಭಾವಿಸಬಲ್ಲರು. ಅಣಬೆಯನ್ನು ಗೋಮಾಂಸದೊಡನೆ ಹೋಲಿಸಿದಾಗ ಕಾಣುವ ಹೆಚ್ಚಳ, ಎಲೆಕೋಸಿನೊಡನೆ ಹೋಲಿಸಿದರೆ ಕಾಣುವುದಿಲ್ಲ.

ಪ್ರಚಾರದ ಎರಡನೆಯ ಭಾಗ ಪ್ರಯೋಗಶಾಲೆಯಿಂದ ಬಂದದ್ದು. ಅಣಬೆಯ ಸಾರವು ಗಾಜಿನ ನಳಿಗೆಯಲ್ಲಿ ಕೊಬ್ಬನ್ನು ಅರಗಿಸುವ ಲೈಪೇಸ್ ಎಂಬ ಕಿಣ್ವವನ್ನು ತಡೆಯುತ್ತದೆ, ಕೊಬ್ಬಿನ ಕೋಶಗಳು ಬಲಿಯುವುದನ್ನು ತಡೆಯುತ್ತದೆ, ಕರುಳಿನಲ್ಲಿರುವ ಸೂಕ್ಷ್ಮಜೀವಿಗಳ ಸಮತೋಲವನ್ನು ಮಾರ್ಪಡಿಸುತ್ತದೆ ಎಂದೆಲ್ಲ ವರದಿಗಳಿವೆ. ಕೊನೆಯದು ಹೆಚ್ಚು ಕುತೂಹಲಕರವಾದುದು. ತೈವಾನಿನ ಸಂಶೋಧಕರು ೨೦೧೫ರಲ್ಲಿ 'ನೇಚರ್ ಕಮ್ಯುನಿಕೇಷನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕೊಬ್ಬು ತುಂಬಿದ ಆಹಾರವನ್ನು ತಿನ್ನುತ್ತಿದ್ದ ಇಲಿಗಳಿಗೆ ಗ್ಯಾನೊಡರ್ಮ ಎಂಬ ಅಣಬೆಯ ಕಷಾಯವನ್ನು ಕುಡಿಸಿದಾಗ ಅವುಗಳ ತೂಕ ಅಷ್ಟಾಗಿ ಏರಲಿಲ್ಲ. ಹಾಗೆ ಕುಡಿಸಿದ ಇಲಿಗಳ ಮಲವನ್ನು ಬೇರೆ ಇಲಿಗಳ ಕರುಳಿಗೆ ಸೇರಿಸಿದಾಗ ಅವುಗಳಿಗೂ ಆ ಗುಣ ಹಬ್ಬಿತು. ಎಂದ ಮೇಲೆ ಕೆಲಸ ನಡೆಸಿದುದು ಕರುಳಿನ ಸೂಕ್ಷ್ಮಜೀವಿಗಳೇ ಎಂದಾಯಿತು. ಅಂಗಡಿಯ ಗುಳಿಗೆಗಳ ಪ್ರಚಾರಕ್ಕೆ ಬಹುಮಟ್ಟಿಗೆ ಈ ಪ್ರಯೋಗವೇ ಬಂಡವಾಳ. ಆದರೆ ಗ್ಯಾನೊಡರ್ಮ ಊಟದ ಅಣಬೆಯಲ್ಲ. ಮರದ ಬೊಡ್ಡೆಗೆ ಅಂಟಿಕೊಂಡು ಬೆಳೆಯುವ, ಕಟ್ಟಿಗೆಯಂತೆ ಗಡುಸಾದ, ಕಹಿಯಾದ ವಸ್ತುವದು. ಅದರ ಕಷಾಯದ ಗುಣವನ್ನು ಪಲ್ಯದ ಅಣಬೆಗೆ ಆರೋಪಿಸಲಾಗದು. ಇಲಿಯ ಕರುಳಿನದನ್ನು ಮನುಷ್ಯನ ಕರುಳಿಗೆ ಆರೋಪಿಸುವುದಂತೂ ಇನ್ನೂ ದೂರದ ಮಾತು.

ಪ್ರಮಾಣದ ಪ್ರಶ್ನೆಯೂ ಇದೆ. ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಆಹಾರದ ನೂರಕ್ಕೆ ಐದು ಪಾಲಿನಷ್ಟು ಒಣಗಿದ ಅಣಬೆಯ ಪುಡಿಯನ್ನು ಬೆರೆಸುವುದುಂಟು. ಮನುಷ್ಯನು ದಿನಕ್ಕೆ ತಿನ್ನುವ ಆಹಾರದಲ್ಲಿ ನೀರನ್ನು ತೆಗೆದರೆ ಸುಮಾರು ೫೦೦ ಗ್ರಾಮು ಉಳಿಯುತ್ತದೆಂದು ಇಟ್ಟುಕೊಳ್ಳೋಣ. ಅದರ ನೂರಕ್ಕೆ ಐದು ಪಾಲೆಂದರೆ ೨೫ ಗ್ರಾಮು ಪುಡಿ. ಹಸಿಯ ಅಣಬೆಯಾದರೆ ಕಾಲು ಕಿಲೊ. ಅರ್ಧ ಗ್ರಾಮಿನ ಗುಳಿಗೆಯ ಲೆಕ್ಕದಲ್ಲಿ ದಿನಕ್ಕೆ ಐವತ್ತು ಗುಳಿಗೆಗಳಾದುವು. ಡಬ್ಬಿಯ ಮೇಲೆ ದಿನಕ್ಕೆ ಒಂದೋ ಎರಡೋ ಎಂದು ಬರೆದಿರುತ್ತದೆ. ಕೈಟಿನ್ನಿನಿಂದ ತಯಾರಾಗುವ ಕೈಟೊಸಾನ್ ಎಂಬ ದ್ರವ್ಯದ ಕಥೆಯೂ ಇಂಥದೇ. ಕರುಳಿನಲ್ಲಿ ಕೊಬ್ಬನ್ನು ಹಿಡಿದಿಟ್ಟುಕೊಂಡು ಹೊರಕ್ಕೆ ಒಯ್ಯುವುದೆಂದು ಅದನ್ನು ಬಹುಕಾಲದಿಂದ ಮಾರುತ್ತಿದ್ದಾರೆ. ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿನೋಡಿದ ಕಾಕ್ರೇನ್ ವಿಮರ್ಶೆಯು, ಅದರ ಪ್ರಭಾವ ಅತ್ಯಲ್ಪವೆಂದೂ, ಒಳ್ಳೆಯ ಗುಣಮಟ್ಟದ ಪ್ರಯೋಗಗಳನ್ನು ಮಾತ್ರ ಗಣಿಸಿದರೆ ಅದು ಇನ್ನಷ್ಟು ಕುಗ್ಗುವುದೆಂದೂ ಹೇಳಿತು. ಇಷ್ಟಾದರೂ ಶಿಲೀಂಧ್ರಗಳಿಂದ ಔಷಧಗಳು ದೊರೆಯುವುದೇ ಇಲ್ಲವೆಂದು ತಿಳಿಯಬಾರದು. ರಕ್ತದ ಕೊಲೆಸ್ಟರಾಲನ್ನು ಇಳಿಸುವ ಸ್ಟಾಟಿನ್ ಗುಂಪಿನ ಮೊದಲ ದ್ರವ್ಯವನ್ನು ೧೯೭೦ರ ದಶಕದಲ್ಲಿ ಜಪಾನಿನ ಅಕಿರಾ ಎಂಡೊ ಕಂಡುಹಿಡಿದುದು ಒಂದು ಬೂಷ್ಟಿನಲ್ಲಿ. ೧೯೮೭ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಮಂಜೂರಾದ ಲೊವಾಸ್ಟಾಟಿನ್ ಚಿಪ್ಪಣಬೆಯಲ್ಲಿಯೂ ಅಲ್ಪ ಪ್ರಮಾಣದಲ್ಲಿದೆ. ಆದರೆ ಬೂಷ್ಟಿನಿಂದ ಔಷಧದವರೆಗಿನ ದಾರಿಯಲ್ಲಿ ಶುದ್ಧೀಕರಣ, ಪ್ರಮಾಣನಿರ್ಣಯ, ಸಾವಿರಾರು ರೋಗಿಗಳ ಮೇಲಿನ ಪರೀಕ್ಷೆ ಇವೆಲ್ಲ ಇವೆ. ಗುಳಿಗೆಯ ವ್ಯಾಪಾರಿಗಳು ಆ ದಾರಿಯನ್ನು ನಡೆಯದೆಯೇ ಅದರ ಕೊನೆಯಲ್ಲಿ ನಿಂತಂತೆ ಮಾತನಾಡುತ್ತಾರೆ.

ಆದುದರಿಂದ ಮತ್ತೆ ತಟ್ಟೆಗೇ ಹಿಂದಿರುಗಬೇಕು. ಅಮೆರಿಕದವನ ತಟ್ಟೆಯಲ್ಲಿ ಅಣಬೆಯು ಗೋಮಾಂಸದ ಜಾಗದಲ್ಲಿ ಕೂರುತ್ತದೆ. ನಮ್ಮ ತಟ್ಟೆಯಲ್ಲಿ ಅದು ಯಾರ ಜಾಗದಲ್ಲಿ ಕೂರಬೇಕು? ಹೊಟ್ಟೆಯ ಬೊಜ್ಜಿಗೆ ನಮ್ಮಲ್ಲಿ ಮೂಲ ಕಾರಣ ಮಾಂಸವಲ್ಲ. ಅನ್ನ, ಮೈದಾ, ಸಕ್ಕರೆ, ಎಣ್ಣೆ, ಇವುಗಳ ಮೇಲೆ ಕುಳಿತು ಮಾಡುವ ಉದ್ಯೋಗ. ಅನ್ನ ಸಾಂಬಾರು ಪಲ್ಯಗಳ ಜೊತೆಗೆ ಅಣಬೆಯ ಮಸಾಲೆಯೊಂದು ಸೇರಿಕೊಂಡರೆ ಅದು ಏನನ್ನೂ ಸ್ಥಳಾಂತರಿಸಲಿಲ್ಲ, ಹೊಸ ಭಕ್ಷ್ಯವೊಂದು ಕೂಡಿಕೊಂಡಿತಷ್ಟೆ. ಅಣಬೆಯ ಪಲಾವಿನಲ್ಲಿ ಅಕ್ಕಿಯ ಅಳತೆ ಕುಗ್ಗದಿದ್ದರೆ ಫಲವೂ ಶೂನ್ಯ. ಒಂದು ಸೇರು ಅಕ್ಕಿ ಹಾಕುವ ಕಡೆ ಮುಕ್ಕಾಲು ಸೇರು ಹಾಕಿ ಉಳಿದ ಜಾಗವನ್ನು ಅಣಬೆಗೆ ಬಿಟ್ಟರೆ ಮಾತ್ರ ಲೆಕ್ಕ ಬದಲಾಗುತ್ತದೆ.

ಎಣ್ಣೆಯ ಮಾತನ್ನು ಪ್ರತ್ಯೇಕವಾಗಿ ಹೇಳಬೇಕು. ಅಣಬೆಯ ಮೈ ಸ್ಪಂಜಿನಂತಹುದು. ಬಾಣಲೆಯಲ್ಲಿ ಎಣ್ಣೆಯನ್ನು ಹೀರುತ್ತದೆ. ಒಂದು ದೊಡ್ಡ ಚಮಚ ಎಣ್ಣೆ ಎಂದರೆ ೧೨೦ ಕ್ಯಾಲೊರಿ. ನೂರು ಗ್ರಾಮು ಅಣಬೆಗೆ ಎರಡು ಚಮಚ ಸುರಿದರೆ ೨೨ ಇದ್ದದ್ದು ೨೬೨ ಆಗುತ್ತದೆ. ಪನೀರಿನ ಸಮಕ್ಕೆ ಬಂದು ನಿಲ್ಲುತ್ತದೆ. ಮುಂಬಯಿಯ ಉಡುಪಿ ಹೋಟೆಲುಗಳಲ್ಲಿ ಚೀನೀ ಹೆಸರಿನಿಂದ ಬರುವ ಅಣಬೆಯ ಭಕ್ಷ್ಯಗಳಲ್ಲಿ ಜೋಳದ ಹಿಟ್ಟಿನ ಲೇಪ, ಅದರ ಮೇಲೆ ಎಣ್ಣೆಯಲ್ಲಿ ಮುಳುಗಿಸಿ ಕರಿಯುವಿಕೆ, ಅದರ ಮೇಲೆ ಸಕ್ಕರೆ ಬೆರೆಸಿದ ಗೊಜ್ಜು. ಅಲ್ಲಿ ಅಣಬೆ ನಿಮಿತ್ತಮಾತ್ರ. ಮನೆಯಲ್ಲಿ ಮಾಡುವಾಗ ಕಾದ ಬಾಣಲೆಯಲ್ಲಿ ಮೊದಲು ಎಣ್ಣೆಯಿಲ್ಲದೆಯೇ ಅಣಬೆಯನ್ನು ಹಾಕಿ ಅದರ ನೀರು ಬಿಟ್ಟು ಇಂಗುವವರೆಗೆ ಬೇಯಿಸಿ, ಅನಂತರ ಒಗ್ಗರಣೆಗೆ ಬೇಕಾದಷ್ಟೇ ಎಣ್ಣೆ ಹಾಕಿದರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ. ನೀರು ಇಂಗಿದ ಅಣಬೆಯ ಮೈ ಕುಗ್ಗಿರುವುದರಿಂದ ಅದಕ್ಕೆ ಎಣ್ಣೆ ಹೀರುವ ಶಕ್ತಿಯೂ ಕುಗ್ಗಿರುತ್ತದೆ.

ಸಸ್ಯಾಹಾರಿಗಳು ಒಂದು ವಿಷಯದಲ್ಲಿ ಎಚ್ಚರದಿಂದಿರಬೇಕು. ಅಣಬೆಯನ್ನು 'ಸಸ್ಯಾಹಾರಿಗಳ ಮಾಂಸ' ಎಂದು ಹೊಗಳುವುದು ವಾಡಿಕೆಯಾಗಿದೆ. ರುಚಿಯ ಮಟ್ಟಿಗೆ ಆ ಮಾತು ಸಲ್ಲುತ್ತದೆ. ಪ್ರೋಟೀನಿನ ಮಟ್ಟಿಗೆ ಸಲ್ಲದು. ನೂರು ಗ್ರಾಮು ತೊಗರಿಬೇಳೆಯಲ್ಲಿ ೨೦ ಗ್ರಾಮಿಗೂ ಮೇಲ್ಪಟ್ಟು ಪ್ರೋಟೀನು ಇದೆ. ಅಷ್ಟನ್ನು ಅಣಬೆಯಿಂದ ಪಡೆಯಬೇಕಾದರೆ ಮುಕ್ಕಾಲು ಕಿಲೊದ ಹತ್ತಿರ ತಿನ್ನಬೇಕು. ತೂಕವಿಳಿಸುವ ಹಂಬಲದಿಂದ ಬೇಳೆಯನ್ನು ತೆಗೆದು ಅಣಬೆಯನ್ನು ಹಾಕಿದವರು ಕೊಬ್ಬಿನೊಡನೆ ಮಾಂಸಖಂಡವನ್ನೂ ಕಳೆದುಕೊಳ್ಳುತ್ತಾರೆ. ಮೊದಲೇ ಮಾಂಸಖಂಡ ಕಡಮೆಯಿದ್ದು ಕೊಬ್ಬು ಹೆಚ್ಚಿರುವ ನಮ್ಮ ಜನಕ್ಕೆ ಇದು ಅಪಾಯಕರ. ತೆಗೆಯಬೇಕಾದುದು ಅನ್ನದ ಒಂದು ಭಾಗವನ್ನು, ಪನೀರಿನ ಒಂದು ಭಾಗವನ್ನು, ತೆಂಗಿನಕಾಯಿಯ ಮಸಾಲೆಯ ಒಂದು ಭಾಗವನ್ನು, ಬೇಳೆಯನ್ನಲ್ಲ. ಮಾಂಸಾಹಾರಿಗಳಿಗಾದರೆ ಅಮೆರಿಕದ ಪ್ರಯೋಗವು ಸ್ವಲ್ಪ ಹೆಚ್ಚು ನೇರವಾಗಿ ಅನ್ವಯಿಸುತ್ತದೆ. ಕುರಿಮಾಂಸದ ಖೈಮಾದಲ್ಲಿ ಅರ್ಧಪಾಲು ಸಣ್ಣಗೆ ಹೆಚ್ಚಿದ ಅಣಬೆಯನ್ನು ಬೆರೆಸಿದರೆ ರುಚಿ ಕೆಡದು, ಉಪ್ಪೂ ಕಡಮೆ ಸಾಕಾಗುತ್ತದೆ.

ಅಣಬೆಯನ್ನು ಎಲ್ಲರೂ ಎಲ್ಲ ಕಾಲದಲ್ಲಿಯೂ ತಿನ್ನಬಹುದೆಂದಲ್ಲ. ರಕ್ತದಲ್ಲಿ ಯೂರಿಕ್ ಆಮ್ಲ ಹೆಚ್ಚಿರುವವರೂ ಮೂತ್ರಪಿಂಡದ ರೋಗದಿಂದ ಪೊಟ್ಯಾಸಿಯಮನ್ನು ವರ್ಜಿಸಬೇಕಾದವರೂ ವೈದ್ಯರನ್ನು ಕೇಳತಕ್ಕದ್ದು. ಹಸಿಯಾಗಿ ತಿನ್ನದೆ ಬೇಯಿಸಿಯೇ ತಿನ್ನುವುದು ಮೇಲು. ಕಾಡಿನ ಅಣಬೆಗಳನ್ನು ಗುರುತಿಸುವ ವಿದ್ಯೆ ಆಯಾ ಊರಿನ ಹಿರಿಯರ ಕೈಯಲ್ಲಿದೆ. ಊರು ಬಿಟ್ಟು ಬಂದ ನಮಗೆ ಅದು ದಕ್ಕದು. ಬೆಳ್ಳಿಯ ನಾಣ್ಯ ಕಪ್ಪಾಗದಿದ್ದರೆ ವಿಷವಿಲ್ಲ, ಅರಿಸಿನ ಹಾಕಿ ಬೇಯಿಸಿದರೆ ವಿಷ ಹೋಗುತ್ತದೆ ಎಂಬ ನಂಬಿಕೆಗಳಲ್ಲಿ ಹುರುಳಿಲ್ಲ. ೨೦೨೨ರ ಏಪ್ರಿಲಿನಲ್ಲಿ ಅಸ್ಸಾಮಿನ ಚಹಾ ತೋಟಗಳ ಕಡೆ ಹಲವರು ಕಾಡಣಬೆಯನ್ನು ತಿಂದು ಸತ್ತರು.

ಪೇಟೆಯಲ್ಲಿ ಸಿಗುವ ಬೆಳೆಸಿದ ಅಣಬೆಗೆ ಈ ಭಯವಿಲ್ಲ. ಗುಂಡಿ ಅಣಬೆಯ ಕೃಷಿ ೧೯೬೦ರ ದಶಕದ ಮೊದಲಲ್ಲಿ ಹಿಮಾಚಲದ ಸೋಲನ್ನಿನಲ್ಲಿ ಬೇರೂರಿತು. ರಾಷ್ಟ್ರೀಯ ಅಣಬೆ ಸಂಶೋಧನ ಸಂಸ್ಥೆಯೂ ಅಲ್ಲಿಯೇ ಇದೆ. ಅದು ತಂಪನ್ನು ಬೇಡುವ ಬೆಳೆ. ದಕ್ಷಿಣದ ಸೆಕೆಗೆ ಒಗ್ಗುವುದು ಚಿಪ್ಪಣಬೆ ಮತ್ತು ಹಾಲಣಬೆ. ಹಾಲಣಬೆಯನ್ನು ಮೊದಲು ವರ್ಣಿಸಿದ್ದು ೧೯೭೦ರ ದಶಕದಲ್ಲಿ, ಪಶ್ಚಿಮ ಬಂಗಾಳದಲ್ಲಿ. ಅದರ ಕೃಷಿಯನ್ನು ಊರೂರಿಗೆ ಮುಟ್ಟಿಸಿದ್ದು ತಮಿಳುನಾಡು ಕೃಷಿ ವಿಶ್ವವಿದ್ಯಾಲಯ. ಮೂವತ್ತು ಮೂವತ್ತೈದು ಡಿಗ್ರಿ ಸೆಕೆಯಲ್ಲಿಯೂ ಅದು ಬೆಳೆಯುತ್ತದಾದ್ದರಿಂದ ಚೆನ್ನೈ, ಹೈದರಾಬಾದುಗಳಲ್ಲಿರುವವರು ಮನೆಯ ಮೂಲೆಯಲ್ಲಿ ಹುಲ್ಲಿನ ಚೀಲಗಳಲ್ಲಿ ಬೆಳೆಸಿಕೊಳ್ಳಬಹುದು. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕಾ ಸಂಶೋಧನ ಸಂಸ್ಥೆಯಲ್ಲಿ ಅಣಬೆಯ ಬೀಜ ದೊರೆಯುತ್ತದೆ. ಅಣಬೆಯ ಪುಡಿ ಬೆರೆಸಿದ ಸಾರಿನ ಪುಡಿ, ಚಟ್ನಿಪುಡಿಗಳನ್ನೂ ಅವರು ರೂಪಿಸಿದ್ದಾರೆ.

ಕೊನೆಗೆ ನಮ್ಮ ಮನೆಗಳಿಗೆ ಹೊಂದುವ ಒಂದು ಲೆಕ್ಕ. ವಾರಕ್ಕೆ ಎರಡು ದಿನ ನೂರು ಗ್ರಾಮು ಪನೀರಿನ ಬದಲು ನೂರು ಗ್ರಾಮು ಅಣಬೆಯನ್ನು, ಎಣ್ಣೆಯನ್ನು ಹೆಚ್ಚಿಸದೆ, ತಿಂದರೆ ಒಂದೊಂದು ಸಲಕ್ಕೂ ಸುಮಾರು ೨೫೦ ಕ್ಯಾಲೊರಿ ಉಳಿಯುತ್ತದೆ. ವರ್ಷಕ್ಕೆ ೧೦೪ ಸಲ, ಒಟ್ಟು ೨೬,೦೦೦. ಕಾಗದದ ಮೇಲೆ ಇದು ೩ ಕಿಲೊಗ್ರಾಮಿಗೂ ಮಿಗಿಲಾದ ಕೊಬ್ಬು. ಮೇಲೆ ಕಂಡ ಏಳರಲ್ಲೊಂದು ಪಾಲಿನ ಕಟ್ಟುನಿಟ್ಟಾದ ಅಳತೆಯನ್ನೇ ಇಲ್ಲಿಯೂ ಹಿಡಿದರೆ ಕೈಗೆ ಬರುವುದು ಅರ್ಧ ಕಿಲೊ. ಡಬ್ಬಿಯ ಮೇಲಿನ ಭರವಸೆಗಳ ಪಕ್ಕದಲ್ಲಿ ಇದು ತೀರ ಬಡಕಲಾಗಿ ಕಾಣುತ್ತದೆ. ಆದರೆ ನಡುವಯಸ್ಸಿನವರ ತೂಕ ಒಂದೇ ಸಲಕ್ಕೆ ಏರುವಂತಹುದಲ್ಲ. ಅಮೆರಿಕದ ವಯಸ್ಕರ ತೂಕವನ್ನು ಅಳೆದವರು ಕಂಡುಕೊಂಡಂತೆ ಅದು ವರ್ಷಕ್ಕೆ ಸುಮಾರು ಅರ್ಧದಿಂದ ಒಂದು ಕಿಲೊದಂತೆ ಕೂಡುತ್ತ ಹೋಗುತ್ತದೆ. ಮೂವತ್ತರಲ್ಲಿ ಉದ್ಯೋಗಕ್ಕೆ ಕುಳಿತವನು ಅರುವತ್ತರಲ್ಲಿ ನಿವೃತ್ತನಾಗುವಾಗ ಹದಿನೈದು ಕಿಲೊ ಹೆಚ್ಚಾಗಿರುವುದು ಈ ಅರ್ಧ ಕಿಲೊದ ಲೆಕ್ಕದಿಂದಲೇ.